ಹಕ್ಕಿಯನ್ನೋಡಿಸಿ ದೋಣಿ ಬಿಡುವ ಆಟ

ಮಾದರಿ ದೋಣಿಗಳ ಪಂದ್ಯವೆಂದರೆ ಮೇಲ್ನೋಟಕ್ಕೆ ತೀರಾ ನಿರಪಾಯವಾದ ವಿನೋದ. ಎರಡು ಅಡಿ ಉದ್ದದ ದೋಣಿ, ಅದರ ಹೊಟ್ಟೆಯೊಳಗೆ ಒಂದು ಬ್ಯಾಟರಿ ಮತ್ತು ಒಂದು ಮೋಟಾರು, ದಡದ ಮೇಲೆ ರಿಮೋಟ್ ಹಿಡಿದು ನಿಂತ ಹುಡುಗರು, ನೀರಿನ ಮೇಲೆ ಪಥವನ್ನು ಗುರುತಿಸಲು ತೇಲಿಬಿಟ್ಟ ನಾಲ್ಕಾರು ಬಣ್ಣದ ಬುರುಡೆಗಳು. ಮರ ಕಡಿಯುವುದಿಲ್ಲ, ಗುಡ್ಡ ಅಗೆಯುವುದಿಲ್ಲ. ಮಕ್ಕಳು ಮೊಬೈಲು ಬಿಟ್ಟು ಗರಗಸ, ಅಂಟು, ಮರಳುಕಾಗದ ಹಿಡಿದರೆ ಹಿರಿಯರಿಗೂ ಸಮಾಧಾನ. ಎನ್.ಸಿ.ಸಿ. ನೌಕಾ ವಿಭಾಗದ ಕೆಡೆಟ್‌ಗಳಿಗಂತೂ ಹಡಗಿನ ಮಾದರಿ ರಚಿಸುವುದು ಬಹುಕಾಲದಿಂದ ಒಂದು ಗೌರವದ ಸ್ಪರ್ಧಾವಿಷಯ. ಇಂತಹ ಆಟವನ್ನು ಪರಿಸರದ ಹೆಸರಿನಲ್ಲಿ ಪ್ರಶ್ನಿಸುವವರನ್ನು ಜನ ವಿಚಿತ್ರವಾಗಿ ನೋಡಿದರೆ ಅದರಲ್ಲಿ ಅಚ್ಚರಿಯೇನೂ ಇಲ್ಲ.

ಆದರೆ ಪಂದ್ಯಕ್ಕೆ ನೀರು ಬೇಕು. ನೀರಿರುವಲ್ಲಿ ಹಕ್ಕಿಗಳಿವೆ. ಬುರುಡೆಗಳ ನಡುವೆ ಹತ್ತಿಪ್ಪತ್ತು ಸಿಳ್ಳೆ ಬಾತುಗಳು ಕುಳಿತಿದ್ದರೆ ಏನು ಮಾಡಬೇಕು? ಈ ಚಿಕ್ಕ ಪ್ರಶ್ನೆಗೆ ಕೊಡುವ ಉತ್ತರದಲ್ಲಿ ಒಂದು ಊರಿನ ಪೂರ್ತಿ ನಡವಳಿಕೆ ಕಾಣಿಸಿಕೊಳ್ಳುತ್ತದೆ. ಥಟ್ಟನೆ ಬಾಯಿಗೆ ಬರುವ ಉತ್ತರ ಒಂದೇ: ಓಡಿಸಿದರಾಯಿತು! ಒಂದು ಗರ್ನಾಲು ಸಿಡಿಸು, ಡಬ್ಬ ಬಡಿ, ನಾಯಿಯನ್ನು ನೀರಿಗಿಳಿಸು, ಇಲ್ಲವೇ ಮೊದಲ ಸುತ್ತಿನಲ್ಲಿ ದೋಣಿಯನ್ನೇ ಅವುಗಳತ್ತ ತಿರುಗಿಸು. ಹಕ್ಕಿಗಳೇನು, ಹಾರಿಹೋಗುತ್ತವೆ, ಸಂಜೆಗೆ ಮರಳುತ್ತವೆ.

ಈ ಮಾತಿನಲ್ಲಿ ಎಷ್ಟು ಸತ್ಯವಿದೆ ಎಂಬುದನ್ನು ಪುತ್ತೂರು, ಸುಳ್ಯ, ಕಡಬಗಳ ನೀರಿನ ದಡದಲ್ಲಿಯೇ ನಿಂತು ಪರಿಶೀಲಿಸಬೇಕು. ಪುಸ್ತಕದ ದಡದಲ್ಲಿ ನಿಂತಲ್ಲ.

ಈ ಮೂರು ತಾಲೂಕುಗಳಲ್ಲಿ ಬಯಲುಸೀಮೆಯಂತಹ ವಿಶಾಲ ಕೆರೆಗಳಿಲ್ಲ. ಇಲ್ಲಿರುವುದು ಗುಡ್ಡದ ಇಳಿಜಾರುಗಳ ನಡುವೆ ಹಿರಿಯರು ಮಣ್ಣಿನ ಏರಿ ಕಟ್ಟಿ ನಿಲ್ಲಿಸಿದ ಮದಕಗಳು, ದೇವಸ್ಥಾನದ ಕೆರೆಗಳು, ತೋಟದ ತಲೆಯಲ್ಲಿರುವ ಸಣ್ಣ ಕೆರೆಗಳು. ಜೊತೆಗೆ ಕುಮಾರಧಾರಾ, ಪಯಸ್ವಿನಿ, ಗುಂಡ್ಯ ಹೊಳೆಗಳ ಗುಂಡಿಗಳು. ಕಿಂಡಿ ಅಣೆಕಟ್ಟುಗಳು ಬಂದ ಮೇಲೆ ಹಲಗೆ ಹಾಕಿದ ತಿಂಗಳುಗಳಲ್ಲಿ ಹೊಳೆಯೇ ಉದ್ದನೆಯ ಕೆರೆಯಾಗುತ್ತದೆ. ಸುಳ್ಯದ ನಾಗಪಟ್ಟಣದಲ್ಲಿ ಪಯಸ್ವಿನಿ ಹೀಗೆ ನಿಲ್ಲುತ್ತದೆ. ಉಪ್ಪಿನಂಗಡಿಯ ಕೆಳಗೆ ಬಿಳಿಯೂರಿನ ಅಣೆಕಟ್ಟಿನಿಂದ ನೇತ್ರಾವತಿ ಹೀಗೆ ನಿಲ್ಲುತ್ತದೆ. ಹರಿಯುವ ನೀರು ನಿಂತೊಡನೆ ಮನುಷ್ಯನಿಗೆ ದೋಣಿಯ ಯೋಚನೆ ಬರುವುದು ಸಹಜ. ಹಕ್ಕಿಗಳಿಗೂ ಅದೇ ಹೊತ್ತಿಗೆ ಬೇರೊಂದು ಯೋಚನೆ ಬಂದಿರುತ್ತದೆ.

ಒಂದು ತಲೆಮಾರಿನ ಹಿಂದೆ ಈ ಸೀಮೆಯಲ್ಲಿ ನೀರುಹಕ್ಕಿಗಳಿಗೆ ಗದ್ದೆಗಳಿದ್ದವು. ಏಣಿಲು, ಸುಗ್ಗಿ ಎಂದು ಎರಡು ಬೆಳೆ ತೆಗೆಯುತ್ತಿದ್ದ ಬೈಲುಗಳು ವರ್ಷದ ಎಂಟು ತಿಂಗಳು ತೇವವಾಗಿರುತ್ತಿದ್ದವು. ಆ ಗದ್ದೆಗಳಲ್ಲಿ ಬಹುಪಾಲು ಇಂದು ಅಡಿಕೆ ತೋಟ. ಗುಡ್ಡದ ಮೈ ರಬ್ಬರು. ಅಡಿಕೆಯ ನೆರಳಿನಲ್ಲಿ ಬಾತು ಮೇಯುವುದಿಲ್ಲ, ರಬ್ಬರಿನ ಬುಡದಲ್ಲಿ ಹುಂಡುಕೋಳಿ ಮೊಟ್ಟೆಯಿಡುವುದಿಲ್ಲ. ಬೆಳೆಗಾರನನ್ನು ದೂಷಿಸಿ ಫಲವಿಲ್ಲ, ಭತ್ತ ಅವನನ್ನು ಸಾಕಲಿಲ್ಲ. ಆದರೆ ಲೆಕ್ಕ ಲೆಕ್ಕವೇ. ಗದ್ದೆ ಹೋದ ಮೇಲೆ ಉಳಿದದ್ದು ಮದಕ ಮತ್ತು ಕೆರೆ. ಹತ್ತು ಕಡೆ ಹಂಚಿಕೊಂಡಿದ್ದ ಹಕ್ಕಿಗಳು ಈಗ ಒಂದು ಕಡೆ ನೆರೆದಿವೆ. ‘ಇಲ್ಲಿ ಎಷ್ಟೊಂದು ಬಾತು!’ ಎಂದು ನೋಡುಗ ಬೆರಗಾಗುವಾಗ ಅವು ಹೆಚ್ಚಾಗಿರುವುದಿಲ್ಲ. ಅವುಗಳ ಜಾಗ ಕಡಿಮೆಯಾಗಿರುತ್ತದೆ.

ಈಗ ‘ಹಾರಿಹೋಗಿ ಮರಳುತ್ತವೆ’ ಎಂಬ ಸಮಾಧಾನವನ್ನು ಒಂದೊಂದು ಹಕ್ಕಿಯ ಮುಂದೆ ಇಟ್ಟು ನೋಡಬಹುದು.

ಸಿಳ್ಳೆ ಬಾತು ಹಗಲು ಹೊತ್ತಿನಲ್ಲಿ ನೀರಿನ ಮೇಲೆ ಗುಂಪಾಗಿ ಸುಮ್ಮನೆ ಕುಳಿತಿರುತ್ತದೆ. ಸೋಮಾರಿತನದಂತೆ ಕಾಣುವ ಈ ಕುಳಿತುಕೊಳ್ಳುವಿಕೆ ಅದರ ನಿದ್ರೆ. ಮೇವು ಅದಕ್ಕೆ ಹೆಚ್ಚಾಗಿ ಕತ್ತಲಾದ ಮೇಲೆ. ಮುಸ್ಸಂಜೆಯಲ್ಲಿ ಸಿಳ್ಳೆ ಹಾಕುತ್ತ ತೋಟಗಳ ಮೇಲಿನಿಂದ ಹಾರಿಹೋಗುವ ಸಾಲನ್ನು ಹಳ್ಳಿಯ ಪ್ರತಿಯೊಬ್ಬನೂ ಕೇಳಿಯೇ ಇರುತ್ತಾನೆ. ರಾತ್ರಿಪಾಳಿ ಮುಗಿಸಿ ಮಲಗಿದವನ ಹಾಸಿಗೆಯ ಸುತ್ತ ಬೆಳಗಿನಿಂದ ಸಂಜೆಯವರೆಗೆ ಮೋಟಾರು ಓಡಿಸಿ, ‘ಅವನು ಏನೂ ಕೆಲಸ ಮಾಡುತ್ತಿರಲಿಲ್ಲವಲ್ಲ’ ಎನ್ನುವುದು ಎಂತಹ ನ್ಯಾಯ?

ಗುಳುಮುಳುಕ ಹಾರುವುದರಲ್ಲಿ ಹಿಂದು. ಗಾಬರಿಯಾದರೆ ಅದು ಮುಳುಗುತ್ತದೆ, ಬೇರೆಲ್ಲೋ ಏಳುತ್ತದೆ. ಕಾಗೆ, ಗಿಡುಗಗಳ ಎದುರು ಈ ಉಪಾಯ ಸಾವಿರಾರು ವರ್ಷ ನಡೆದುಬಂದಿದೆ. ತಿರುಗುವ ಪ್ರೊಪೆಲ್ಲರಿನ ಎದುರು ನಡೆಯುವುದಿಲ್ಲ. ಇಂದಿನ ಬ್ರಷ್‌ಲೆಸ್ ಮೋಟಾರು, ಲಿಥಿಯಂ ಬ್ಯಾಟರಿಗಳ ವೇಗದ ದೋಣಿ ಗಂಟೆಗೆ 50-60 ಕಿ.ಮೀ. ಓಡುವುದು ಅಸಾಮಾನ್ಯವಲ್ಲ. ಎಂದರೆ ಸೆಕೆಂಡಿಗೆ ಸುಮಾರು 15 ಮೀಟರು. ಅರುವತ್ತು ಮೀಟರು ಅಗಲದ ಮದಕವನ್ನು ಅದು ನಾಲ್ಕು ಸೆಕೆಂಡಿನಲ್ಲಿ ದಾಟುತ್ತದೆ. ದಡದಲ್ಲಿ ನಿಂತವನ ಕಣ್ಣಿಗೆ ಹಕ್ಕಿ ಬಿದ್ದು, ಬೆರಳು ರಿಮೋಟನ್ನು ಒತ್ತುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಈ ಹಕ್ಕಿ ಗೂಡು ಕಟ್ಟುವುದು ತೇಲುವ ಕಳೆಗಿಡಗಳ ರಾಶಿಯ ಮೇಲೆ. ಗೂಡು ಬಿಟ್ಟೇಳುವಾಗ ಮೊಟ್ಟೆಗಳ ಮೇಲೆ ಕಳೆಯನ್ನೆಳೆದು ಮುಚ್ಚಿ ಹೋಗುವ ಜಾಣತನ ಅದಕ್ಕಿದೆ. ಆದರೆ ಮುಚ್ಚಲು ಕೆಲವು ಕ್ಷಣ ಬೇಕು. ಗರ್ನಾಲು ಆ ಕೆಲವು ಕ್ಷಣವನ್ನು ಕೊಡುವುದಿಲ್ಲ. ತೆರೆದ ಮೊಟ್ಟೆಗೆ ಮೊದಲು ಬರುವುದು ಕಾಗೆ. ಕಾಗೆ ಬಾರದಿದ್ದರೂ ದೋಣಿಯ ಅಲೆಯಿಂದ ಅಂಗೈ ಎತ್ತರದ ಗೂಡು ಒದ್ದೆಯಾಗುವುದು ಎಷ್ಟು ಹೊತ್ತಿನ ಮಾತು?

ದೇವನಕ್ಕಿಯದು ಇನ್ನೂ ಸೂಕ್ಷ್ಮ. ಎಲೆಯ ಮೇಲೆಯೇ ಮೊಟ್ಟೆ. ಕಾವು ಕೊಡುವವನು ಗಂಡು, ಮರಿ ಸಾಕುವವನೂ ಅವನೇ. ಅಪಾಯ ಬಂದರೆ ಮರಿ ಹಾರುವುದಿಲ್ಲ, ಓಡುವುದೂ ಇಲ್ಲ; ಕೊಕ್ಕಿನ ತುದಿ ಮಾತ್ರ ಹೊರಗಿಟ್ಟು ನೀರೊಳಗೆ ಅಡಗುತ್ತದೆ. ದಡದಿಂದ ನೋಡುವ ತೀರ್ಪುಗಾರನಿಗೆ ಆಗ ಪಥ ‘ಖಾಲಿ’! ಹುಂಡುಕೋಳಿ, ತುಳುವರ ಕುಂಡಕೋರಿ, ಮಾತ್ರ ಈ ಎಲ್ಲರಿಗಿಂತ ಜಾಣ. ಅದು ಮುಂಡಗದ ಪೊದೆಯೊಳಗೆ ನುಗ್ಗಿ, ಪಂದ್ಯ ಮುಗಿಯುವವರೆಗೆ ಬೈಯುತ್ತ ಕುಳಿತಿರುತ್ತದೆ. ಪಂದ್ಯಕ್ಕಾಗಿ ದಡವನ್ನು ‘ಸ್ವಚ್ಛ’ಗೊಳಿಸಿ ಮುಂಡಗ ಕಡಿಯದಿದ್ದರೆ ಅದರ ಬಗ್ಗೆ ಹೆಚ್ಚು ಚಿಂತೆ ಬೇಡ.

ಬಾತುಗಳ ವಿಷಯದಲ್ಲಿ ಹೆಚ್ಚಿನವರಿಗೆ ತಿಳಿಯದ ಒಂದು ಸಂಗತಿಯಿದೆ. ಮರಿ ಮಾಡಿದ ಬಳಿಕ ಅವು ಹಾರುವ ಗರಿಗಳನ್ನೆಲ್ಲ ಒಮ್ಮೆಲೇ ಉದುರಿಸುತ್ತವೆ. ಹೊಸ ಗರಿ ಬೆಳೆಯುವ ಕೆಲವು ವಾರ ಅವುಗಳಿಗೆ ಹಾರಲು ಬಾರದು. ಆ ಕಾಲದಲ್ಲಿ ಓಡಿಸಿದರೆ ಹೋಗುವುದೆಲ್ಲಿಗೆ?

ಕಾಲದ ಮಾತು ಬಂದದ್ದರಿಂದ ಹೇಳಬೇಕು: ಬೇಸಿಗೆ ರಜೆಯ ಶಿಬಿರಗಳ ಕಾಲವಾದ ಏಪ್ರಿಲ್-ಮೇ ತಿಂಗಳೇ ಇದಕ್ಕೆ ಅತಿ ಕೆಟ್ಟ ಕಾಲ. ಆಗ ಹಲವು ಮದಕಗಳು ಬತ್ತಿರುತ್ತವೆ ಎಂದು ಯಾವ ಕೃಷಿಕನನ್ನು ಕೇಳಿದರೂ ಬೆರಳೆಣಿಸಿ ಹೇಳಿಯಾನು. ಉಳಿದ ನೀರಿನಲ್ಲಿಯೇ ಬಾತು, ಬಕ, ನೀರುಕಾಗೆ, ಮಿಂಚುಳ್ಳಿ ಎಲ್ಲವೂ. ನವೆಂಬರಿನಲ್ಲಿ ಓಡಿಸಿದ ಹಕ್ಕಿಗೆ ಗುಡ್ಡದಾಚೆ ಇನ್ನೊಂದು ನೀರಿದೆ. ಏಪ್ರಿಲಿನಲ್ಲಿ ಓಡಿಸಿದ ಹಕ್ಕಿಗೆ ಕಾದ ಆಕಾಶ ಮಾತ್ರವಿದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ನೀರು ಧಾರಾಳ, ಆದರೆ ಅದು ಗೂಡಿನ ಕಾಲ. ಆಟಕ್ಕೆ ಹೊಂದುವ ಕಾಲ ಎಂದು ಉಳಿಯುವುದು ನವೆಂಬರ್‌ನಿಂದ ಜನವರಿಯವರೆಗಿನ ಮೂರು ತಿಂಗಳು, ಅದೂ ಷರತ್ತುಗಳೊಡನೆ.

ಕಾನೂನು ಏನನ್ನುತ್ತದೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂಬ ಪದದ ವ್ಯಾಖ್ಯೆಯನ್ನು ಓದಿದರೆ ಹಲವರು ಬೆಚ್ಚಿಬೀಳಬಹುದು. ಕೊಲ್ಲುವುದು ಮಾತ್ರ ಬೇಟೆಯಲ್ಲ. ಹಿಡಿಯುವುದು, ಬೆನ್ನಟ್ಟುವುದು, ಅಟ್ಟುವುದು, ಆಮಿಷವೊಡ್ಡುವುದು ಹಾಗೂ ಇವುಗಳ ಯತ್ನ ಕೂಡ ಬೇಟೆ. ಹಕ್ಕಿಗಳ ವಿಷಯದಲ್ಲಿ ಮೊಟ್ಟೆಗೆ ಹಾನಿ ಮಾಡುವುದು, ಮೊಟ್ಟೆ ಅಥವಾ ಗೂಡನ್ನು ಕದಡುವುದು ಸಹ ಅದೇ ವ್ಯಾಖ್ಯೆಯೊಳಗೆ ಬರುತ್ತದೆ. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಪ್ರಾಣಿಪಕ್ಷಿಗಳ ಅನುಸೂಚಿಗಳು ಎರಡಕ್ಕಿಳಿದಿವೆ. ದೇಶದ ಬಹುಪಾಲು ಕಾಡುಹಕ್ಕಿಗಳು ಅವುಗಳೊಳಗೇ ಇವೆ. ಆಟಕ್ಕಾಗಿ ಬಾತನ್ನೆಬ್ಬಿಸುವುದು ಬೇಟೆಯ ಉದ್ದೇಶದ ‘ಅಟ್ಟುವಿಕೆ’ ಅಲ್ಲ ಎಂದು ವಕೀಲರು ವಾದಿಸಬಹುದು, ವಾದಿಸಲಿ. ಮಳೆಗಾಲದಲ್ಲಿ ಗೂಡಿರುವ ಮದಕಕ್ಕೆ ದೋಣಿ ನುಗ್ಗಿಸಿದವನಿಗೆ ಆ ವಾದ ನೆರವಿಗೆ ಬರಲಾರದು, ಏಕೆಂದರೆ ಗೂಡು ಕದಡುವುದರ ಬಗ್ಗೆ ಕಾಯ್ದೆಯ ಮಾತು ನೇರವಾಗಿಯೇ ಇದೆ.

ಇದೇ ಕಾನೂನುಲೋಕದಲ್ಲಿ ಒಂದು ದೊಡ್ಡ ತೂತೂ ಇದೆ. 2017ರ ತೇವಭೂಮಿ ನಿಯಮಗಳು ಹೊಳೆಯ ಪಾತ್ರವನ್ನು, ಭತ್ತದ ಗದ್ದೆಯನ್ನು, ಕುಡಿಯುವ ನೀರಿಗಾಗಿ ಮತ್ತು ನೀರಾವರಿಗಾಗಿ ಮನುಷ್ಯ ಕಟ್ಟಿದ ಕೆರೆಗಳನ್ನು ‘ತೇವಭೂಮಿ’ ಎಂಬ ಪದದಿಂದಲೇ ಹೊರಗಿಟ್ಟಿವೆ. ಮದಕ ನೀರಾವರಿಗಾಗಿ ಕಟ್ಟಿದ್ದು. ಕಿಂಡಿ ಅಣೆಕಟ್ಟಿನ ಹಿಂದಿನದು ಹೊಳೆಯ ಪಾತ್ರ. ಹೀಗೆ ಈ ಸೀಮೆಯ ಹೆಚ್ಚುಕಡಿಮೆ ಎಲ್ಲ ನೀರೂ ಆ ನಿಯಮಗಳ ಕಣ್ಣಿಗೆ ನೀರೇ ಅಲ್ಲ! ಹಕ್ಕಿಗೆ ಕಾನೂನಿನ ರಕ್ಷಣೆಯಿದೆ, ಹಕ್ಕಿ ಕುಳಿತ ನೀರಿಗಿಲ್ಲ. ಆದ್ದರಿಂದ ‘ಅಧಿಕಾರಿಗಳು ನೋಡಿಕೊಳ್ಳಲಿ’ ಎಂದು ಕುಳಿತರೆ ಇಲ್ಲಿ ಏನೂ ಆಗದು. ಮದಕದ ಬಳಕೆದಾರರು, ದೇವಸ್ಥಾನದ ಆಡಳಿತದವರು, ಪಂಚಾಯತಿನ ಗ್ರಾಮಸಭೆ ತೀರ್ಮಾನಿಸಬೇಕು.

ಗ್ರಾಮಸಭೆಗೆ ಈ ಬಗೆಯ ತೀರ್ಮಾನ ಹೊಸದೇನೂ ಅಲ್ಲ. ಸುಳ್ಯ ತಾಲೂಕಿನ ತೊಡಿಕಾನದಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಬಳಿಯ ಮತ್ಸ್ಯತೀರ್ಥದ ಮೀನುಗಳಿಗೆ ಯಾರೂ ಗಾಳ ಹಾಕುವುದಿಲ್ಲ. ಕುಕ್ಕೆಯಲ್ಲಿ ಕುಮಾರಧಾರೆಯ ದೇವರಮೀನುಗಳದ್ದೂ ಅದೇ ಕಥೆ. ಮತ್ಸ್ಯಗಳಿಗೆ ಈ ಅಭಯವನ್ನು ಕೊಟ್ಟದ್ದು ಯಾವ ಅನುಸೂಚಿಯೂ ಅಲ್ಲ, ಊರು. ಚಂಪಾಷಷ್ಠಿಯ ಜಾತ್ರೆಯಲ್ಲಿ ಅದೇ ಕುಮಾರಧಾರೆಯ ಮೇಲೆ ದೇವರ ನೌಕಾವಿಹಾರ ನಡೆಯುತ್ತದೆ. ಪುತ್ತೂರಿನಲ್ಲಿ ಏಪ್ರಿಲ್ ಜಾತ್ರೆಯ ವೇಳೆ ಮಹಾಲಿಂಗೇಶ್ವರನ ಕೆರೆಯಲ್ಲಿ ತೆಪ್ಪೋತ್ಸವವಿದೆ. (ಆ ಕೆರೆಯಲ್ಲಿ ಅನ್ನ ಮುತ್ತಾಗಿ ಊರಿಗೆ ಹೆಸರು ಬಂತೆಂಬ ಐತಿಹ್ಯವನ್ನು ಪುತ್ತೂರಿನ ಯಾವ ಮಗುವೂ ಹೇಳೀತು.) ದೇವರಿಗೂ ದೋಣಿಯಿದೆ ಎಂದಾಯಿತಲ್ಲ, ಮಕ್ಕಳಿಗೇಕೆ ಬೇಡ ಎಂದು ಕೇಳುವವರುಂಟು. ತೆಪ್ಪ ವರ್ಷದಲ್ಲಿ ಒಂದು ಸಲ, ಮಂದಗತಿಯಲ್ಲಿ ಸಾಗುತ್ತದೆ. ಪಂದ್ಯದ ದೋಣಿ ಅಭ್ಯಾಸವೆಂದು ವಾರಗಟ್ಟಲೆ, ಸ್ಪರ್ಧೆಯೆಂದು ದಿನಗಟ್ಟಲೆ, ಕೂಗುತ್ತ ಸುತ್ತುತ್ತದೆ. ಎರಡಕ್ಕೂ ‘ದೋಣಿ’ ಎಂಬ ಒಂದೇ ಪದವಿರುವುದು ಭಾಷೆಯ ಮಿತವ್ಯಯ, ಅಷ್ಟೆ. ಇನ್ನು ಜಾತ್ರೆಯ ಗರ್ನಾಲಿನ ವಿಷಯ ಬೇರೆಯದೇ ಒಂದು ಲೇಖನ ಬೇಡುತ್ತದೆ. ಅದನ್ನು ಮುಂದಿಟ್ಟುಕೊಂಡು ಇನ್ನೊಂದು ಗರ್ನಾಲನ್ನು ಸಮರ್ಥಿಸಲಾಗದು.

ದೋಣಿಗೂ ಹಕ್ಕಿಗೂ ಹೊಂದಾಣಿಕೆ ಸಾಧ್ಯವೇ ಇಲ್ಲವೆಂದು ಇದರ ಅರ್ಥವಲ್ಲ. ರಂಗನತಿಟ್ಟು ಇದಕ್ಕೆ ಸಾಕ್ಷಿ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ರಾಮ್‌ಸರ್ ಪಟ್ಟಿಗೆ ಸೇರಿದ ಆ ಕಾವೇರಿಯ ನಡುಗಡ್ಡೆಗಳ ಬಳಿ ಪ್ರವಾಸಿಗರ ದೋಣಿಗಳು ಹಾದುಹೋಗುತ್ತವೆ, ಹಕ್ಕಿಗಳು ಗೂಡಿನಿಂದ ಏಳುವುದಿಲ್ಲ. ಕಾರಣ ಸರಳ. ಹುಟ್ಟು ಹಾಕುವ ದೋಣಿ, ಗೊತ್ತಾದ ದಾರಿ, ಗೊತ್ತಾದ ವೇಗ, ದಡಕ್ಕಿಳಿಯುವಂತಿಲ್ಲ. ಹಕ್ಕಿ ದೋಣಿಗೆ ಹೆದರುವುದಕ್ಕಿಂತ ಹೆಚ್ಚಾಗಿ ಮುಂದೇನೆಂದು ಊಹಿಸಲಾಗದ ಚಲನೆಗೆ ಹೆದರುತ್ತದೆ. ಪಂದ್ಯದ ಸೊಬಗೇ ಅಂತಹ ಚಲನೆ: ಥಟ್ಟನೆ ತಿರುವು, ಥಟ್ಟನೆ ವೇಗ. ಭದ್ರಾ ಜಲಾಶಯದಲ್ಲಿ ಬೇಸಿಗೆಯಲ್ಲಿ ನೀರಿಳಿದು ತೆರೆದುಕೊಳ್ಳುವ ನಡುಗಡ್ಡೆಗಳಲ್ಲಿ ನದಿ ರೀವಗಳು ಸಾವಿರಾರು ಸಂಖ್ಯೆಯಲ್ಲಿ ಬರಿನೆಲದ ಮೇಲೆ ಮೊಟ್ಟೆಯಿಡುತ್ತವೆ. ಒಮ್ಮೆ ಅವೆಲ್ಲ ಒಟ್ಟಿಗೆ ಎದ್ದರೆ ಮಾರ್ಚ್ ತಿಂಗಳ ಬಿಸಿಲಿಗೆ ಮೊಟ್ಟೆ ಬೇಯುವುದಕ್ಕೆ ಬಹಳ ಹೊತ್ತು ಬೇಡ. ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ದೋಣಿವಿಹಾರದ ಪ್ರಸ್ತಾಪ ತಲೆಯೆತ್ತಿದಾಗಲೆಲ್ಲ ಅಲ್ಲಿನ ಪಕ್ಷಿಪ್ರಿಯರು ಅದನ್ನು ಎದುರಿಸಿದ್ದು ಇಂತಹ ಕಾರಣಗಳಿಗಾಗಿಯೇ.

ಮಾದರಿ ದೋಣಿಯ ಆಟ ಎಲ್ಲಿ ಹಳತೋ ಅಲ್ಲಿ ಹೇಗೆ ನಡೆಯುತ್ತದೆ ಎಂಬುದನ್ನೂ ನೋಡಬೇಕು. ಲಂಡನ್ನಿನ ವಿಕ್ಟೋರಿಯಾ ಪಾರ್ಕಿನಲ್ಲಿ 1904ರಿಂದ ಮಾದರಿ ಉಗಿದೋಣಿಯ ಸಂಘವಿದೆ. ಕೆನ್ಸಿಂಗ್ಟನ್ ಉದ್ಯಾನದ ದುಂಡುಕೊಳದಲ್ಲಿ ಹಾಯಿದೋಣಿ ಬಿಡುವ ಪದ್ಧತಿ ಅದಕ್ಕಿಂತ ಹಳೆಯದು. ಆ ಕೊಳದ ಹಂಸಗಳೂ ಬಾತುಗಳೂ ಕೊಳದಷ್ಟೇ ಪ್ರಸಿದ್ಧ. ಬ್ರಿಟನ್ನಿನ ಅನೇಕ ಸಂಘಗಳ ನಿಯಮಗಳಲ್ಲಿ ನೀರುಹಕ್ಕಿಗೆ ದಾರಿ ಬಿಡಬೇಕು, ಹಕ್ಕಿ ಪಥಕ್ಕೆ ಬಂದರೆ ದೋಣಿ ನಿಲ್ಲಿಸಬೇಕು ಎಂಬ ಮಾತು ಇರುತ್ತದೆ. ಅಲ್ಲಿಯವರೆಲ್ಲ ಸಂತರೆಂದಲ್ಲ. ಹಕ್ಕಿಗೆ ಬಡಿದ ದೋಣಿಯೂ ಒಡೆಯುತ್ತದೆ, ಉದ್ಯಾನದವರು ಮರುದಿನ ಪರವಾನಿಗೆ ರದ್ದು ಮಾಡುತ್ತಾರೆ. ಇದೇ ಬ್ರಿಟನ್ನು 1987ರಲ್ಲಿ ಗಾಳಕ್ಕೆ ಕಟ್ಟುವ ಹೆಚ್ಚಿನ ಗಾತ್ರದ ಸೀಸದ ತೂಕಗಳನ್ನು ನಿಷೇಧಿಸಿತು. ಕಲ್ಲಿನ ಹರಳೆಂದು ಅವನ್ನು ನುಂಗಿದ ಹಂಸಗಳು ವಿಷವೇರಿ ಸಾಯುತ್ತಿದ್ದವು. ಮನೆಯಲ್ಲಿ ದೋಣಿ ಕಟ್ಟುವ ವಿದ್ಯಾರ್ಥಿಗಳು ಈ ವಿಷಯವನ್ನು ಗಮನಿಸಲಿ. ದೋಣಿಯ ತಳಕ್ಕೆ ಭಾರ ಬೇಕಾದರೆ ಕಬ್ಬಿಣದ ನಟ್ಟು ಸಾಕು, ಹಳೆಯ ಬ್ಯಾಟರಿಯ ಸೀಸ ಕರಗಿಸುವ ಸಾಹಸ ಬೇಡ. ಥರ್ಮಾಕೋಲಿನ ಒಡಲೂ ಬೇಡ. ಅದರ ಕಾಳು ಕೆರೆಯಿಂದ ಎಂದಿಗೂ ಹೊರಬರುವುದಿಲ್ಲ. ಅಡಿಕೆ ಹಾಳೆಯಂತಹ ದೋಣಿಯ ಒಡಲನ್ನು ತೋಟವೇ ಉದುರಿಸಿ ಕೊಡುತ್ತಿರುವಾಗ ಪೇಟೆಗೆ ಹೋಗುವುದೇಕೆ?

ಎಲ್ಲಕ್ಕಿಂತ ತಮಾಷೆಯ ಸಂಗತಿಯೆಂದರೆ, ಈ ಸಮಸ್ಯೆಗೆ ಪರಿಹಾರ ಕ್ರೀಡೆಯ ನಿಯಮಗಳಲ್ಲಿಯೇ ಇದೆ. ಹಾಯಿದೋಣಿ ಪಂದ್ಯಗಳ ಅಂತಾರಾಷ್ಟ್ರೀಯ ನಿಯಮಗಳಲ್ಲಿ ರೇಡಿಯೋ ನಿಯಂತ್ರಿತ ಮಾದರಿ ದೋಣಿಗಳಿಗೂ ಒಂದು ಪ್ರತ್ಯೇಕ ಅನುಬಂಧವಿದೆ. ಆರಂಭದ ಸಂಕೇತಕ್ಕೆ ಮೊದಲು ಪಂದ್ಯ ಸಮಿತಿ ಯಾವುದೇ ಕಾರಣಕ್ಕೆ ಪಂದ್ಯವನ್ನು ಮುಂದೂಡಬಹುದು ಎಂದು ಆ ನಿಯಮಗಳು ಹೇಳುತ್ತವೆ. ಅದಕ್ಕೆ ಕೆಂಪು-ಬಿಳಿ ಪಟ್ಟೆಯ ಬಾವುಟವೇ ಇದೆ. ಗಾಳಿ ಬೀಸದಿದ್ದರೆ ಗಂಟೆಗಟ್ಟಲೆ ಆ ಬಾವುಟದಡಿ ಎಲ್ಲರೂ ಕಾಯುತ್ತಾರೆ. ಅತಿಥಿಗಳು ಬರುವುದು ತಡವಾದರೆ ಇಲ್ಲಿಯ ಯಾವ ಕಾರ್ಯಕ್ರಮ ಕಾದಿಲ್ಲ? ಶಾಸಕರಿಗೆ ಎರಡು ತಾಸು ಕಾಯುವ ಸಭೆ ಸಿಳ್ಳೆ ಬಾತಿಗೆ ಹತ್ತು ನಿಮಿಷ ಕಾಯಲಾರದೇ?

ಇನ್ನು ಎರಡು ಆಕ್ಷೇಪಗಳು. ಒಂದು, ಓಡಿಸುವುದು ಬೇಡವಾದರೆ ಮಂಡಕ್ಕಿ, ಬ್ರೆಡ್ಡು ಎಸೆದು ಹಕ್ಕಿಗಳನ್ನು ಮೂಲೆಗೆ ಕರೆಯಬಹುದಲ್ಲ ಎಂಬುದು. ಕರುಣೆಯಂತೆ ಕಾಣುವ ಈ ಉಪಾಯ ಇನ್ನೂ ಕೆಟ್ಟದ್ದು. ತಿನ್ನದೆ ಉಳಿದದ್ದು ಕೊಳೆತು ನೀರು ನಾರುತ್ತದೆ. ತಿಂದ ಹಕ್ಕಿ ಮನುಷ್ಯನ ಗದ್ದಲ ಕೇಳಿದೊಡನೆ ದೂರ ಹೋಗುವ ಬದಲು ಹತ್ತಿರ ಬರಲು ಕಲಿಯುತ್ತದೆ, ಎಂದರೆ ನೇರವಾಗಿ ಪ್ರೊಪೆಲ್ಲರಿನ ಬಾಯಿಗೆ. ಕಾಯ್ದೆಯ ‘ಆಮಿಷ’ ಎಂಬ ಪದವನ್ನೂ ಇಲ್ಲಿ ನೆನೆಯಬಹುದು.

ಇನ್ನೊಂದು ಆಕ್ಷೇಪ ಗಂಭೀರವಾದದ್ದು, ಅದಕ್ಕೆ ಉತ್ತರಿಸದೆ ಮುಂದೆ ಹೋಗುವುದು ಅಪ್ರಾಮಾಣಿಕತನವಾದೀತು. ಹೊಳೆಯ ಮರಳನ್ನು ಲಾರಿಗಟ್ಟಲೆ ಬಾಚಲಾಗುತ್ತಿದೆ. ಗುಂಡ್ಯದ ಮೇಲಣ ಕಾಡನ್ನು ಸೀಳಿ ಎತ್ತಿನಹೊಳೆಯ ನೀರನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರಿನಲ್ಲಿ ಉದ್ಘಾಟನೆಯೂ ಆಯಿತು. ಅಷ್ಟು ದೊಡ್ಡ ಪೆಟ್ಟುಗಳ ನಡುವೆ ಮಕ್ಕಳ ಎರಡಡಿ ದೋಣಿಯ ಮೇಲೇಕೆ ಈ ಸಿಟ್ಟು? ಬಲಿಷ್ಠನ ಮುಂದೆ ಮೌನ, ಎಳೆಯರ ಮುಂದೆ ಉಪದೇಶವೇ?

ಹಾನಿಯ ಗಾತ್ರವನ್ನು ತೂಗಿದರೆ ಈ ಆಕ್ಷೇಪ ಸರಿಯೇ. ಒಂದು ಮರಳಿನ ಗುಂಡಿ ಮಾಡುವ ಹಾನಿಯನ್ನು ನೂರು ದೋಣಿಪಂದ್ಯಗಳು ಮಾಡಲಾರವು. ಆದರೆ ಎರಡರ ಹಿಂದಿರುವ ತರ್ಕವೊಂದೇ. ‘ಜಾಗ ನಮಗೆ ಬೇಕು, ಇದ್ದವರು ಬೇರೆಲ್ಲಾದರೂ ಹೋಗಲಿ, ಅವರಿಗೇನು, ಹೇಗೂ ಬದುಕಿಕೊಳ್ಳುತ್ತಾರೆ’ ಎಂಬ ಮಾತನ್ನು ಘಟ್ಟದ ತಪ್ಪಲಿನ ಜನ ಯೋಜನೆಗಳ ಸಭೆಗಳಲ್ಲಿ ಕೇಳುತ್ತಲೇ ಬಂದಿದ್ದಾರೆ. ಎಂಡೋಸಲ್ಫಾನನ್ನು ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿದ ಕಾಲದಲ್ಲಿಯೂ ಕೆಳಗಿದ್ದವರಿಗೆ ‘ಸ್ವಲ್ಪ ಹೊತ್ತು ಒಳಗಿರಿ, ಏನೂ ಆಗುವುದಿಲ್ಲ’ ಎಂಬ ಸಮಾಧಾನವೇ ಸಿಕ್ಕಿದ್ದು. ಅದರ ಫಲವನ್ನು ಕೊಕ್ಕಡ, ಪಟ್ರಮೆಗಳ ಮನೆಗಳು ಇನ್ನೂ ಉಣ್ಣುತ್ತಿವೆ. ಈ ಮಾತನ್ನು ಮೇಲಿನವರ ಬಾಯಿಂದ ಕೇಳಿ ನೊಂದವರು ಅದನ್ನೇ ಬಾತುಗಳಿಗೆ ಹೇಳಲು ಹನ್ನೆರಡು ವರ್ಷದ ಮಗುವಿಗೆ ಕಲಿಸಬೇಕೆ? ಎರಡನೆಯದಾಗಿ, ಮರಳಿನ ಲಾರಿ ತಡೆಯಲು ಚಳವಳಿ ಬೇಕು, ನ್ಯಾಯಾಲಯ ಬೇಕು, ಕೆಲವೊಮ್ಮೆ ಪೆಟ್ಟು ತಿನ್ನುವ ಧೈರ್ಯವೂ ಬೇಕು. ದೋಣಿಯನ್ನು ದಡದಲ್ಲಿರಿಸಲು ಹತ್ತು ನಿಮಿಷದ ತಾಳ್ಮೆ ಸಾಕು. ಅಷ್ಟೂ ಇಲ್ಲದ ಕಡೆ ಮೊದಲಿನದು ಎಲ್ಲಿಂದ ಬಂದೀತು?

ಹಾಗಾದರೆ ಆಟ ಬೇಡವೇ? ಬೇಡವೆನ್ನುವುದು ಪುತ್ತೂರಿಗೆ ಶೋಭಿಸದು. ಆಟದ ಮೂಲಕ ಕಲಿಕೆ ಎಂಬುದನ್ನು ಶಿವರಾಮ ಕಾರಂತರು ಬಾಲವನದಲ್ಲಿ ಮಾಡಿ ತೋರಿಸಿದ ಊರಿದು. ಪರ್ಲಡ್ಕದ ಅದೇ ಬಾಲವನದಲ್ಲಿ ಇಂದು ಈಜುಕೊಳವಿದೆ. ವೇಗದ ಮೋಟಾರು ದೋಣಿಗಳಿಗೆ ಇಂತಹ ಕೊಳಕ್ಕಿಂತ ಒಳ್ಳೆಯ ಪಥ ಯಾವುದು? ನೀರು ತಿಳಿ, ಅಂಚು ನೇರ, ಕಳೆ ಸಿಕ್ಕಿಕೊಳ್ಳುವುದಿಲ್ಲ, ಬಾತಿನ ಪ್ರಶ್ನೆಯೇ ಇಲ್ಲ. ಹಳ್ಳಿಗಳಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡಗಳು ಈಗ ಅಪರೂಪವಲ್ಲ; ಯಜಮಾನ ಒಪ್ಪಿದರೆ, ದಡಕ್ಕೆ ಬೇಲಿಯಿದ್ದರೆ, ಚಿಕ್ಕ ದೋಣಿಗಳಿಗೆ ಅದು ಧಾರಾಳ. ಕೆರೆಯೇ ಬೇಕೆನ್ನುವವರು ಮೋಟಾರು ಬಿಟ್ಟು ಹಾಯಿಗೆ ತಿರುಗಲಿ. ಹಾಯಿಯ ಮಾದರಿ ಶಬ್ದ ಮಾಡುವುದಿಲ್ಲ, ಗಾಳಿಗಿಂತ ಹೆಚ್ಚು ಅವಸರಿಸುವುದಿಲ್ಲ, ನಿಜವಾಗಿ ನೋಡಿದರೆ ಅದಕ್ಕೆ ಬೇಕಾದ ಬುದ್ಧಿಯೂ ಹೆಚ್ಚು. ಮೀಥೈಲ್ ಆಲ್ಕೊಹಾಲ್ ಮತ್ತು ಎಣ್ಣೆಯ ಮಿಶ್ರಣದಿಂದ ಓಡುವ ಇಂಜಿನುಗಳಿಗೆ ಮಾತ್ರ ಯಾವ ಜೀವಂತ ನೀರಿನಲ್ಲಿಯೂ ಜಾಗವಿರಕೂಡದು. ಅವು ಉಗುಳುವ ಎಣ್ಣೆಯ ಪದರ ಗರಿಗೆ ಅಂಟಿದರೆ ಗರಿಯ ನೀರುತಡೆಯುವ ಶಕ್ತಿ ಹೋಗುತ್ತದೆ. ಒದ್ದೆಯಾದ ಬಾತು ಚಳಿಗೆ ಸಾಯುತ್ತದೆ.

ಕೆರೆಯಲ್ಲಿ ಹಾಯಿಪಂದ್ಯ ನಡೆಸುವುದೇ ಆದರೆ ಅದಕ್ಕೆ ಎರಡು ವಾರ ಮೊದಲು ಶಾಲೆಯ ಮಕ್ಕಳೇ ಹೋಗಿ ದಿನವೂ ಬೆಳಿಗ್ಗೆ, ಸಂಜೆ ಹಕ್ಕಿಗಳನ್ನು ಎಣಿಸಲಿ. ಯಾವ ಮೂಲೆಯಲ್ಲಿ ಬಾತು ಕೂರುತ್ತದೆ, ಎಲ್ಲಿ ಗೂಡಿದೆ ಎಂಬ ನಕ್ಷೆ ಮಾಡಲಿ. ಬುರುಡೆಗಳು ಆ ಮೂಲೆಯಿಂದ ದೂರವಿರಲಿ. ಕೆರೆಯ ಅರ್ಧವಾದರೂ ಪಥದ ಹೊರಗಿರಲಿ. ಇಡೀ ಕೆರೆಯೇ ಹಕ್ಕಿಗಳದ್ದಾಗಿದ್ದರೆ ಸ್ಥಳ ಬದಲಾಗಲಿ, ಹಕ್ಕಿ ಬದಲಾಗುವುದು ಬೇಡ. ಗೂಡು ಕಂಡರೆ ಪಂದ್ಯ ರದ್ದು. ಇದರಲ್ಲಿ ಚರ್ಚೆಗೆ ಅವಕಾಶವಿರಬಾರದು. ಪಂದ್ಯದ ನಡುವೆ ಬಾತು ತಾನಾಗಿ ಪಥದೊಳಗೆ ಈಜಿ ಬಂದರೆ ಎಲ್ಲ ದೋಣಿಗಳೂ ನಿಲ್ಲಬೇಕು. ಅದು ತಾನಾಗಿ ಹೊರಟ ಮೇಲೆ ಆ ಸುತ್ತು ಮೊದಲಿನಿಂದ. ಹೀಗೆ ಮಾಡಿದರೆ ಒಂದು ದಿನದಲ್ಲಿ ಹತ್ತು ಸುತ್ತಿನ ಬದಲು ಆರು ಸುತ್ತು ನಡೆದೀತು. ನಡೆಯಲಿ.

ಪಟ್ಟೆಯ ಬಾವುಟ ಯಾರ ಕೈಯಲ್ಲಿರಬೇಕು ಎಂಬುದನ್ನು ಮಾತ್ರ ಮೊದಲೇ ಗೊತ್ತುಮಾಡಬೇಕು. ದೋಣಿಯ ಒಡೆಯರ ಕೈಯಲ್ಲಿ ಬೇಡ, ಬಹುಮಾನ ಕೊಡುವವರ ಕೈಯಲ್ಲಿಯೂ ಬೇಡ. ಎರಡು ವಾರ ಏರಿಯ ಮೇಲೆ ಕುಳಿತು ಹಕ್ಕಿ ಎಣಿಸಿದ, ಮನೆಯಲ್ಲಿ ರಿಮೋಟಿನ ದೋಣಿ ಕೊಳ್ಳಲಾಗದ ಮಕ್ಕಳಲ್ಲಿ ಒಬ್ಬರ ಕೈಗೆ ಅದನ್ನು ಕೊಡಬಹುದು. ಆ ಮಗು ಬಾವುಟವೆತ್ತಿದರೆ ಶಾಸಕರ ಮಗನ ದೋಣಿಯೂ ನಿಲ್ಲಬೇಕು.